ಕ್ರಿಯಾಪದ ಹಿಡಿಯಲು ಕ್ಯಾನನ್ 1500ಡಿ: ಅಂಗಳದಿಂದ ರಂಗಸ್ಥಳದವರೆಗೆ

ಕಾಸರಗೋಡಿನ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ತುಳುವೋ, ಮಲಯಾಳವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ ಮಾತಾಡುತ್ತಿರುತ್ತದೆ. ನಾಮಪದ ಅದಕ್ಕೆ ಕಷ್ಟವಲ್ಲ. ಮರ, ಕೊಡೆ, ಚೆಂಬು ಎಂದು ಬೆರಳು ತೋರಿಸಿದರೆ ಮುಗಿಯಿತು. ತೊಡಕೆಲ್ಲ ಕ್ರಿಯಾಪದದಲ್ಲಿ. ‘ಕೇರು’ ಎಂದರೇನು, ‘ಹೆರೆ’ ಎಂದರೇನು, ‘ಕಡೆ’ಗೂ ‘ಕಲಸು’ಗೂ ಏನು ವ್ಯತ್ಯಾಸ ಎಂದು ಕೇಳಿದರೆ ಬೆರಳು ತೋರಿಸಲು ವಸ್ತುವಿಲ್ಲ, ನಡೆಯುತ್ತಿರುವ ಕೆಲಸವನ್ನೇ ತೋರಿಸಬೇಕು. ನಮ್ಮದೇ ಅಂಗಳ, ತೋಟ, ಅಡುಗೆಮನೆಯ ಕೆಲಸಗಳನ್ನು ಫೋಟೊ ತೆಗೆದು, ಒಂದು ಚಿತ್ರಕ್ಕೆ ಒಂದೇ ಕ್ರಿಯಾಪದದಂತೆ ಇಪ್ಪತ್ತನಾಲ್ಕು ಚಿತ್ರಗಳ ಸರಣಿ ಮಾಡುವ ಯೋಜನೆ ಶಾಲೆಗೂ ಗ್ರಂಥಾಲಯಕ್ಕೂ ಹೇಳಿ ಮಾಡಿಸಿದಂತಹುದು. ಗೋಡೆಗೆ ಹಾಕಿದರೆ ಕಲೆ, ಮಕ್ಕಳ ಕೈಗೆ ಕೊಟ್ಟರೆ ಪಾಠ.

ಆ ಕೆಲಸಕ್ಕೆ ಕ್ಯಾನನ್ ಇಒಎಸ್ 1500ಡಿ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು ಇಲ್ಲಿ ನೋಡುತ್ತೇವೆ. ಜತೆಗಿರುವುದು ಪೆಟ್ಟಿಗೆಯಲ್ಲೇ ಬರುವ 18–55 ಮಿ.ಮೀ. ಐಎಸ್ 2 ಲೆನ್ಸು ಮತ್ತು ಗೋಡಾಕ್ಸ್ ಟಿಟಿ600 ಫ್ಲ್ಯಾಶು. ತೀರ್ಪು ಮೊದಲೇ ಹೇಳಿಬಿಡೋಣ. ಸೆಕೆಂಡಿಗೆ ಮೂರೇ ಚಿತ್ರ ತೆಗೆಯುತ್ತದೆ ಎಂಬ ಕಾರಣಕ್ಕೆ ಇದನ್ನು ದೂರ ತಳ್ಳುವವರು ತಪ್ಪು ಜಾಗದಲ್ಲಿ ಕೊರತೆ ಹುಡುಕುತ್ತಿದ್ದಾರೆ. ಕ್ರಿಯಾಪದ ಇರುವುದು ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ, ಯಾವ ಗಳಿಗೆಯಲ್ಲಿ ತೆರೆಯುತ್ತದೆ ಎಂಬ ಎರಡರಲ್ಲಿ. ಅವೆರಡೂ ಈ ಕ್ಯಾಮೆರಾದಲ್ಲಿ ಪೂರ್ತಿ ನಿಮ್ಮ ಕೈಯಲ್ಲಿವೆ. ನಿಜವಾದ ಕೊರತೆ ತಲೆಯ ಮೇಲಿನ ಫ್ಲ್ಯಾಶ್ ಕೊಂಡಿಯಲ್ಲಿದೆ. ಕೊಳ್ಳುವ ಮೊದಲು ಆ ಭಾಗವನ್ನಂತೂ ಓದಲೇಬೇಕು.

ಲೆಕ್ಕಾಚಾರಕ್ಕೆ ಬೇಕಾಗುವ ಅಂಕಿಗಳಿಷ್ಟು. 24 ಮೆಗಾಪಿಕ್ಸೆಲ್, ಚಿತ್ರ 6000 × 4000. ಸೆನ್ಸರ್ ಅಗಲ 22.3 ಮಿ.ಮೀ.; ಶಟರ್ 30 ಸೆಕೆಂಡಿನಿಂದ 1/4000ರವರೆಗೆ; ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) 100ರಿಂದ 6400; ಫ್ಲ್ಯಾಶ್ ಹೊಂದುವ ಗರಿಷ್ಠ ವೇಗ 1/200; ಫೋಕಸ್ ಬಿಂದು ಒಂಬತ್ತು, ಅದರಲ್ಲಿ ಅಡ್ಡ-ಉದ್ದ ಎರಡೂ ಗೆರೆ ಗುರುತಿಸುವುದು ನಡುವಿನದೊಂದೇ. ಬಾಡಿಯ ತೂಕ ಸುಮಾರು 475 ಗ್ರಾಂ. ಆರನೇ ಏಳನೇ ತರಗತಿಯ ಮಕ್ಕಳು ಕೊರಳಿಗೆ ಹಾಕಿಕೊಂಡು ಒಂದು ಗಂಟೆ ಓಡಾಡಬಹುದು.

ಮಸುಕು ಎಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕಿ

ಮೋಡ್ ಚಕ್ರದಲ್ಲಿ ಓಡುವ ಮನುಷ್ಯನ ಗುರುತಿರುವ ಸ್ಪೋರ್ಟ್ಸ್ ಮೋಡನ್ನು ಈ ಯೋಜನೆಯಲ್ಲಿ ಮುಟ್ಟಬೇಡಿ. ಅದು ಯಾವಾಗಲೂ ವೇಗದ ಶಟರನ್ನೇ ಆರಿಸುತ್ತದೆ, ಎಲ್ಲ ಕ್ರಿಯೆಯನ್ನೂ ಕಲ್ಲಾಗಿಸುತ್ತದೆ. ಮಜ್ಜಿಗೆ ಕಡೆಯುವುದನ್ನು 1/1000ರಲ್ಲಿ ತೆಗೆದರೆ ಕಡೆಗೋಲು ಹಿಡಿದು ಸುಮ್ಮನೆ ನಿಂತವರ ಚಿತ್ರ ಬರುತ್ತದೆ. ಮಕ್ಕಳಿಗೆ ತೋರಿಸಿದರೆ ‘ಕಡೆಗೋಲು’ ಎನ್ನುತ್ತಾರೆ, ‘ಕಡೆಯುತ್ತಿದ್ದಾರೆ’ ಎನ್ನುವುದಿಲ್ಲ. ಚಿತ್ರ ಗೆದ್ದಿತೋ ಸೋತಿತೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ಉತ್ತರ ನಾಮಪದವಾಗಿ ಬಂದರೆ ಮತ್ತೆ ತೆಗೆಯಬೇಕು.

ಚಕ್ರವನ್ನು ಟಿವಿ ಎಂದು ಬರೆದಿರುವಲ್ಲಿಗೆ ತಿರುಗಿಸಿ. ಶಟರ್ ವೇಗ ನಿಮ್ಮದು, ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಕ್ಯಾಮೆರಾದ್ದು. ಎಫ್/8, ಎಫ್/16 ಎಂಬವು ಆ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ವ್ಯೂಫೈಂಡರಿನಲ್ಲಿ ಅಪರ್ಚರ್ ಅಂಕಿ ಮಿಣುಕಿದರೆ ಆ ವೇಗಕ್ಕೆ ಬೆಳಕು ಕಡಿಮೆ ಅಥವಾ ಹೆಚ್ಚು ಎಂದರ್ಥ, ಐಎಸ್‌ಒ ಬದಲಿಸಿ.

ಮಸುಕಿನ ಲೆಕ್ಕ ಸುಲಭ. ವಸ್ತುವಿನ ವೇಗವನ್ನು ಶಟರ್ ತೆರೆದಿರುವ ಹೊತ್ತಿನಿಂದಲೂ ಲೆನ್ಸಿನ ಫೋಕಲ್ ಲೆಂಗ್ತಿನಿಂದಲೂ ಗುಣಿಸಿ, ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬಿಂಬ ಎಷ್ಟು ಸರಿಯಿತು ಎಂದು ಸಿಗುತ್ತದೆ. ಒಂದು ಮಗು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಅಡ್ಡಲಾಗಿ ಓಡುತ್ತಿದೆ, ನೀವು 5 ಮೀಟರ್ ದೂರದಲ್ಲಿದ್ದೀರಿ, ಲೆನ್ಸು 35ರಲ್ಲಿದೆ ಎನ್ನಿ. ಬಿಂಬ ಸೆಕೆಂಡಿಗೆ 28 ಮಿ.ಮೀ. ಸರಿಯುತ್ತದೆ. 1/500ರಲ್ಲಿ ತೆಗೆದರೆ ಆರು ಇಂಚು ಅಗಲದ ಪ್ರಿಂಟಿನಲ್ಲಿ ಮಸುಕು ಅರ್ಧ ಮಿಲಿಮೀಟರಿಗಿಂತ ಕಡಿಮೆ, ಕಣ್ಣಿಗೆ ಕಾಣದು. 1/30ರಲ್ಲಿ ಸುಮಾರು 6 ಮಿ.ಮೀ.; ಕೈಕಾಲು ಕರಗಿ, ಮೈಯ ಆಕಾರ ಉಳಿದು, ‘ಓಡು’ ಎಂದು ಚಿತ್ರವೇ ಹೇಳುತ್ತದೆ. 1/8ಕ್ಕೆ ಇಳಿಸಿದರೆ 24 ಮಿ.ಮೀ.; ಮಗು ಮಾಯವಾಗಿ ಬಣ್ಣದ ಪಟ್ಟಿಯಷ್ಟೇ ಉಳಿಯುತ್ತದೆ. 4 × 6 ಪ್ರಿಂಟಿಗೆ 4ರಿಂದ 8 ಮಿ.ಮೀ. ಮಸುಕು ಹದವಾದದ್ದು ಎಂದು ನಮ್ಮ ಅಂದಾಜು. ಅದಕ್ಕಿಂತ ಕಡಿಮೆಯಾದರೆ ಕೈ ನಡುಗಿದ ತಪ್ಪಿನಂತೆ ಕಾಣುತ್ತದೆ, ಹೆಚ್ಚಾದರೆ ಒಗಟಾಗುತ್ತದೆ. ಇನ್ನೊಂದು ಮಾತು: ಓಟ ನೇರ ಕ್ಯಾಮೆರಾದ ಕಡೆಗಾದರೆ ಈ ಸರಿತ ಬಹಳ ಕಡಿಮೆ, ಮಸುಕಿನಿಂದ ಏನೂ ಹುಟ್ಟುವುದಿಲ್ಲ. ‘ಓಡು’, ‘ತಳ್ಳು’, ‘ಎಳೆ’ ಇವುಗಳನ್ನು ಅಡ್ಡಲಾಗಿಯೇ ತೆಗೆಯಬೇಕು.

ಏನಾದರೂ ಒಂದು ನಿಶ್ಚಲವಾಗಿದ್ದರೆ ಮಾತ್ರ ಚಲಿಸಿದ್ದು ಚಲಿಸಿದಂತೆ ಕಾಣುತ್ತದೆ. ಆದ್ದರಿಂದ 1/60ಕ್ಕಿಂತ ನಿಧಾನವಾದ ಎಲ್ಲದಕ್ಕೂ ಟ್ರೈಪಾಡ್ ಹಾಕಿ, ಲೆನ್ಸಿನ ಸ್ಟೆಬಿಲೈಸರ್ ಗುಂಡಿ ಆಫ್ ಮಾಡಿ, ಎರಡು ಸೆಕೆಂಡಿನ ಟೈಮರನ್ನೋ ಆರ್‌ಎಸ್-60ಇ3 ತಂತಿ ರಿಮೋಟನ್ನೋ ಬಳಸಿ. ಕಡೆಯುವ ಚಿತ್ರದಲ್ಲಿ ಪಾತ್ರೆಯ ಅಂಚು ಮತ್ತು ಕುಳಿತವರ ಮೊಣಕಾಲು ಚೂಪಾಗಿರಬೇಕು, ಹಗ್ಗವೂ ಮುಂಗೈಯೂ ಕರಗಬೇಕು: 1/15, ಎಫ್/8. ಕಾಯಿ ಹೆರೆಯುವಾಗ ಚಲನೆ ಚಿಕ್ಕದು, 1/8 ಬೇಕಾಗುತ್ತದೆ; ಹೆರೆಮಣೆ ನಿಶ್ಚಲ, ಕಾಯಿಯ ಗಡಿ ಮಸುಕು, ಕೆಳಗೆ ತಟ್ಟೆಯಲ್ಲಿ ಬಿದ್ದ ತುರಿ ಚೂಪು. ಆ ಬಿಳಿ ತುರಿಯ ಗುಡ್ಡೆ ಚೌಕಟ್ಟಿನೊಳಗೆ ಇರಲೇಬೇಕು. ಕ್ರಿಯೆಯ ಫಲ ಕಂಡರೆ ಕ್ರಿಯೆಯ ಅರ್ಥ ಇಮ್ಮಡಿಯಾಗುತ್ತದೆ. ಕಾಸರಗೋಡು ಸೀರೆಯ ಮಗ್ಗದಲ್ಲಿ ‘ನೇಯು’ ತೆಗೆಯುವುದಾದರೂ ಹೀಗೆಯೇ: ಮಗ್ಗದ ಮರ, ನೇಯ್ದಾದ ಬಟ್ಟೆ ಅಲುಗದೆ, ಲಾಳಿಯ ದಾರಿ ಮಾತ್ರ ಗೆರೆಯಾಗಿ. ಮಗ್ಗ ಬಡಿಯುವಾಗ ನೆಲವೇ ನಡುಗುವುದರಿಂದ ಟ್ರೈಪಾಡಿನ ಕಾಲು ಮಗ್ಗದಿಂದ ಆದಷ್ಟು ದೂರವಿರಲಿ.

ಬಿಸಿಲಲ್ಲಿ ನಿಧಾನ ಶಟರ್

ಇಲ್ಲಿಯೇ ಹೆಚ್ಚಿನವರು ಸೋಲುವುದು. ಬೆಳಿಗ್ಗೆ ಹತ್ತರ ಬಿಸಿಲಲ್ಲಿ ಐಎಸ್‌ಒ 100, ಎಫ್/16 ಇಟ್ಟರೂ ಶಟರ್ 1/125ರ ಹತ್ತಿರ ಬಂದು ನಿಲ್ಲುತ್ತದೆ. 1/15 ಬೇಕೆಂದರೆ ಮೂರು ಸ್ಟಾಪ್ ಬೆಳಕು ಕಡಿಯಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು). ಎಫ್/22, ಎಫ್/32ಕ್ಕೆ ಇಳಿಸುವುದು ಪರಿಹಾರವಲ್ಲ. ಈ ಸೆನ್ಸರಿನಲ್ಲಿ ಎಫ್/11 ದಾಟಿದ ಮೇಲೆ ಚಿತ್ರವೇ ಮೆತ್ತಗಾಗುತ್ತ ಹೋಗುತ್ತದೆ, ಸೆನ್ಸರಿನ ಮೇಲಿನ ಧೂಳಿನ ಚುಕ್ಕೆಗಳೂ ಎದ್ದು ಬರುತ್ತವೆ. 58 ಮಿ.ಮೀ. ಅಳತೆಯ ಎನ್‌ಡಿ8 ಫಿಲ್ಟರ್ ಒಂದನ್ನು ಕೊಂಡರೆ ಸರಿಯಾಗಿ ಮೂರು ಸ್ಟಾಪ್ ಕಡಿಮೆಯಾಗುತ್ತದೆ. ತಿರುಗಿಸಿ ಕಪ್ಪು ಹೆಚ್ಚು ಕಡಿಮೆ ಮಾಡುವ ಬಗೆಯದ್ದು ಬೇಡ. ಈ ಲೆನ್ಸಿನಲ್ಲಿ ಫೋಕಸ್ ಆಗುವಾಗ ಮುಂದಿನ ಗಾಜು ತಾನೂ ತಿರುಗುತ್ತದೆ. ಕಪ್ಪು ಹೊಂದಿಸಲು ಫಿಲ್ಟರ್ ತಿರುಗಿಸಹೋದರೆ ಫೋಕಸ್ಸೂ ಕದಲುತ್ತದೆ.

ಫಿಲ್ಟರಿಲ್ಲದೆ ಮಾಡುವುದಾದರೆ ಅಡಕೆ ತೋಟದ ನೆರಳೇ ಫಿಲ್ಟರು. ತೆರೆದ ಬಯಲಿಗಿಂತ ನಾಲ್ಕೈದು ಸ್ಟಾಪ್ ಕಡಿಮೆ ಬೆಳಕು ಅಲ್ಲಿರುತ್ತದೆ. ತೊಂದರೆ ಒಂದೇ, ಮರಗಳ ನಡುವೆ ಬಿಸಿಲಿನ ಚಿಕ್ಕೆಗಳು ಬಿದ್ದು ಮುಖದ ಮೇಲೆ ಬಿಳಿ ಹೊಪ್ಪಳೆಗಳಾಗುತ್ತವೆ. ಮೋಡದ ದಿನ ಹೋಗಿ, ಇಲ್ಲವೇ ಬಿಸಿಲು ಏರುವ ಮುಂಚೆ, ಬೆಳಿಗ್ಗೆ ಏಳೂವರೆಯೊಳಗೆ ಕೆಲಸ ಮುಗಿಸಿ. ಮುರಕಲ್ಲಿನ ಗೋಡೆ ಕ್ರಿಯಾಪದಕ್ಕೆ ಬಹಳ ಒಳ್ಳೆಯ ಹಿನ್ನೆಲೆ. ಗಲಿಬಿಲಿಯಿಲ್ಲ, ಬಿಳಿ ಮುಂಡು ಉಟ್ಟವರ ಚಲನೆ ಎದ್ದು ಕಾಣುತ್ತದೆ. ಆದರೆ ಆ ಕಲ್ಲು ಕಡು ಬಣ್ಣದ್ದಾದ್ದರಿಂದ ಕ್ಯಾಮೆರಾ ಮೋಸಹೋಗಿ ಬೆಳಕು ಹೆಚ್ಚು ತೆಗೆದುಕೊಳ್ಳುತ್ತದೆ, ಮುಂಡಿನ ನೆರಿಗೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು ಮೈನಸ್ 2/3ಕ್ಕೆ ಇಡಿ.

ಮೂರು ಚಿತ್ರದ ವೇಗ ಸಾಕೇ?

‘ಜಿಗಿ’ಗೆ ಧಾರಾಳ ಸಾಕು. 30 ಸೆಂ.ಮೀ. ಎತ್ತರ ಜಿಗಿದ ಮಗು ಗಾಳಿಯಲ್ಲಿರುವುದು ಅರ್ಧ ಸೆಕೆಂಡು. ಅದರಲ್ಲಿ ಅರ್ಧ ಹೊತ್ತು, ಅಂದರೆ ಕಾಲು ಸೆಕೆಂಡು, ಮೇಲಿನ ಕಾಲುಭಾಗ ಎತ್ತರದಲ್ಲೇ ಕಳೆಯುತ್ತದೆ. ನೆತ್ತಿಯಲ್ಲಿ ವೇಗ ಸೊನ್ನೆಯ ಹತ್ತಿರ ಇರುವುದರಿಂದ. ಹಾಗಾಗಿ ನೆಲ ಬಿಟ್ಟ ಕೂಡಲೇ ಒತ್ತಿದರೂ ನೆತ್ತಿಯ ಚಿತ್ರ ಸಿಗುತ್ತದೆ, 1/250 ಸಾಕಾಗುತ್ತದೆ. ತೆಂಕುತಿಟ್ಟು ಯಕ್ಷಗಾನದ ಧೀಂಗಿಣಕ್ಕೂ (ಹಾರಿ ಸುತ್ತುವ ಕುಣಿತ) ಇದೇ ನ್ಯಾಯ. ವೇಷಧಾರಿ ಸಾಲಾಗಿ ಸುತ್ತು ಹಾಕುವಾಗ ಎರಡು ಸುತ್ತು ನೋಡಿ ಲಯ ಹಿಡಿದುಕೊಳ್ಳಿ, ಮೂರನೆಯದಕ್ಕೆ ಚೆಂಡೆಯ ಪೆಟ್ಟಿನೊಂದಿಗೇ ಒತ್ತಿ. ರಂಗಸ್ಥಳದ ಬೆಳಕು ಎಲ್‌ಇಡಿಯೋ ಟ್ಯೂಬೋ ಆಗಿದ್ದರೆ ಸೆಕೆಂಡಿಗೆ 100 ಸಲ ಮಿನುಗುತ್ತಿರುತ್ತದೆ. 1/250ರಲ್ಲಿ ತೆಗೆದರೆ ಒಂದು ಚಿತ್ರ ಬೆಳಕು, ಇನ್ನೊಂದು ಕಪ್ಪು, ಮತ್ತೊಂದರಲ್ಲಿ ಅರ್ಧಕ್ಕೆ ಹಳದಿ ಪಟ್ಟಿ ಬರಬಹುದು. 1/100ಕ್ಕೋ 1/50ಕ್ಕೋ ಇಳಿಸಿದರೆ ಸಮನಾಗುತ್ತದೆ. ‘ತಿರುಗು’, ‘ಕುಣಿ’ ಎಂಬ ಪದಗಳಿಗೆ ಬೇಕಾದ್ದೂ ಆ ನಿಧಾನವೇ: 1/50ರಲ್ಲಿ ಬಟ್ಟೆಯ ನೆರಿಗೆಗಳು ಚಕ್ರವಾಗುತ್ತವೆ, ನೆತ್ತಿಯ ಕಿರೀಟ ಹೆಚ್ಚು ಕಡಿಮೆ ನಿಂತಿರುತ್ತದೆ. ಐಎಸ್‌ಒ 3200ರವರೆಗೆ ಸಣ್ಣ ಪ್ರಿಂಟಿಗೆ ಅಡ್ಡಿಯಿಲ್ಲ. 6400 ಬೇಕೇ ಬೇಕಾದರೆ ಕಪ್ಪು ಬಿಳುಪು ಮಾಡಿ.

‘ಒಡೆ’ ಬೇರೆಯೇ ಜಾತಿ. ಕಾಯಿ ಒಡೆಯುವ ಗಳಿಗೆಗೆ ನೆತ್ತಿಯಿಲ್ಲ, ಕಾಯುವುದಿಲ್ಲ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಕಾಲು ಸೆಕೆಂಡಿನಷ್ಟು ಹೋಗುತ್ತದೆ; ಅಷ್ಟರಲ್ಲಿ ಕೈಬಿಟ್ಟ ಕಾಯಿ 30 ಸೆಂ.ಮೀ. ಬಿದ್ದಿರುತ್ತದೆ. ಸೆಕೆಂಡಿಗೆ ಮೂರು ಚಿತ್ರದ ಸರಪಳಿ ಬಿಟ್ಟರೆ ಎರಡು ಚಿತ್ರಗಳ ನಡುವೆ ಮೂರನೇ ಒಂದು ಸೆಕೆಂಡಿನ ಕಂದಕವಿದೆ, ಇಡೀ ಒಡೆತ ಅದರೊಳಗೆ ಬಿದ್ದುಹೋಗುತ್ತದೆ. ಸದ್ದು ಕೇಳಿ ಒತ್ತಿದರೆ ಸಿಗುವುದು ಒಡೆದ ಕಾಯಿ, ಒಡೆಯುವ ಕಾಯಿ ಅಲ್ಲ. 1500ಡಿಯಂಥ ಡಿಎಸ್‌ಎಲ್‌ಆರಿನಲ್ಲಿ ಚಿತ್ರ ತೆಗೆಯುವಾಗ ಕನ್ನಡಿ ಮೇಲೇಳುವುದರಿಂದ ವ್ಯೂಫೈಂಡರ್ ಕತ್ತಲಾಗುತ್ತದೆ. ಒಡೆದ ಗಳಿಗೆಯನ್ನು ನೀವು ಕಣ್ಣಾರೆ ಕಂಡಿರಿ ಎಂದರೆ ಅದು ಚಿತ್ರದಲ್ಲಿಲ್ಲ. ಇದಕ್ಕೆ ದಾರಿ ಒಂದೇ: ಒಡೆಯುವವರು ‘ಒಂದು, ಎರಡು, ಮೂರು’ ಎಂದು ಎಣಿಸಿ ಒಂದೇ ಲಯದಲ್ಲಿ ಕೈ ಎತ್ತಿ ಇಳಿಸಲಿ, ಕೈ ಇಳಿಯಲು ತೊಡಗಿದಾಗ ಒತ್ತಿ. ಹತ್ತರಲ್ಲಿ ಒಂದೋ ಎರಡೋ ದಕ್ಕುತ್ತದೆ, ಅಷ್ಟು ಕಾಯಿ ಸಿದ್ಧವಿಟ್ಟುಕೊಳ್ಳಿ. ಒಡೆದವು ಅಡುಗೆಗೆ ಆಗುತ್ತವೆ. ಬೆಳಿಗ್ಗೆಯ ಬಿಸಿಲಲ್ಲಿ ಐಎಸ್‌ಒ 400, ಎಫ್/5.6 ಇಟ್ಟರೆ 1/2000ಕ್ಕೆ ಬೇಕಾದಷ್ಟು ಬೆಳಕಿದೆ, ಚಿಮ್ಮುವ ನೀರು ಮಣಿಮಣಿಯಾಗಿ ನಿಲ್ಲುತ್ತದೆ. ಹಿನ್ನೆಲೆ ಕಪ್ಪಾಗಿರಲಿ, ಬಿಸಿಲು ಹಿಂಬದಿಯಿಂದ ಬರಲಿ.

ಫೋಕಸ್ ವಿಷಯದಲ್ಲಿ ಕ್ಯಾಮೆರಾವನ್ನು ನಂಬಬೇಡಿ. ಒಡೆಯುವ ಕಲ್ಲಿನ ಮೇಲೆ ನಡುಬಿಂದುವಿನಿಂದ ಒಮ್ಮೆ ಫೋಕಸ್ ಮಾಡಿ, ಲೆನ್ಸಿನ ಗುಂಡಿಯನ್ನು ಎಂಎಫ್‌ಗೆ (ಕೈಯಿಂದ ಫೋಕಸ್ ಮಾಡುವ ಸ್ಥಿತಿ) ಸರಿಸಿಬಿಡಿ. 35 ಮಿ.ಮೀ., ಎಫ್/8, 3 ಮೀಟರ್ ದೂರ ಎಂದಾದರೆ ಸುಮಾರು 2.2ರಿಂದ 4.8 ಮೀಟರಿನವರೆಗೆ ಎಲ್ಲವೂ ಚೂಪಾಗಿರುತ್ತದೆ, ಎಫ್/5.6ರಲ್ಲಿ ಇದು ಕಿರಿದಾಗುತ್ತದೆ, ಆದರೂ ಒಂದೇ ಜಾಗದಲ್ಲಿ ನಡೆಯುವ ಕೆಲಸಕ್ಕೆ ಸಾಕು. ಓಡುವ ಸೈಕಲಿಗೆ ಮಾತ್ರ, ಚಲಿಸುವುದನ್ನು ಹಿಂಬಾಲಿಸಿ ಫೋಕಸ್ ಮಾಡುವ ಎಐ ಸರ್ವೋ ಹಾಕಿ, ನಡುಬಿಂದು ಒಂದನ್ನೇ ಬಳಸಿ. ರಾ ಕಡತದಲ್ಲಿ (ಸಂಸ್ಕರಿಸದ ದೊಡ್ಡ ಕಡತ) ತೆಗೆಯುತ್ತಿದ್ದರೆ ಹತ್ತು ಹನ್ನೊಂದು ಚಿತ್ರಕ್ಕೆ ಕ್ಯಾಮೆರಾದ ತಾತ್ಕಾಲಿಕ ನೆನಪು, ಅಂದರೆ ಬಫರ್, ತುಂಬಿ ಕ್ಯಾಮೆರಾ ತಡವರಿಸುತ್ತದೆ, ಕ್ರಿಯೆಯ ಚಿತ್ರಗಳಿಗೆ ಜೆಪೆಗ್ ಸಾಕು.

1878ರಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಓಡುವ ಕುದುರೆಯನ್ನು ಹಿಡಿದದ್ದು ಹನ್ನೆರಡು ಕ್ಯಾಮೆರಾ ಸಾಲಾಗಿಟ್ಟು, ದಾರಿಗಡ್ಡವಾಗಿ ದಾರ ಕಟ್ಟಿ. ಕುದುರೆಯೇ ದಾರ ಹರಿದು ಶಟರ್ ಬಿಡಿಸುತ್ತಿತ್ತು. ಎಣಿಸುತ್ತ ಲಯ ಹಿಡಿಯುವುದೂ ಅದೇ ಉಪಾಯ: ಬೆರಳಲ್ಲ, ಕ್ರಿಯೆಯೇ ಶಟರ್ ಒತ್ತುವಂತಾಗಬೇಕು.

ಫ್ಲ್ಯಾಶ್: ಇಲ್ಲಿದೆ ದೊಡ್ಡ ಕೊರತೆ

1500ಡಿಯ ತಲೆಯ ಮೇಲಿನ ಹಾಟ್ ಶೂ ನೋಡಿ. ಎಲ್ಲ ಕಂಪನಿಯ ಫ್ಲ್ಯಾಶಿಗೂ ಹೊಂದುತ್ತಿದ್ದ ನಡುವಿನ ದೊಡ್ಡ ಚುಕ್ಕೆ ಅಲ್ಲಿ ಇಲ್ಲ. 3000ಡಿ, 200ಡಿ 2 ಮಾದರಿಗಳಲ್ಲೂ ಇಲ್ಲ. ಹಿಂದೆ ಬಂದ 1300ಡಿಯಲ್ಲಿ ಇದೆ. ಟಿಟಿ600 ಆ ನಡುಚುಕ್ಕೆಯೊಂದನ್ನೇ ನಂಬಿದ ಫ್ಲ್ಯಾಶು. 1500ಡಿಯ ಮೇಲೆ ಕೂರಿಸಿದರೆ ಕೂರುತ್ತದೆ, ಮಿಂಚುವುದಿಲ್ಲ. ದೂರದ ಫ್ಲ್ಯಾಶನ್ನು ಮಿಂಚಿಸುವ ಹಳೆಯ ಅಗ್ಗದ ಟ್ರಿಗರುಗಳೂ ಹಾಗೆಯೇ. ಅಂಗಡಿಯಲ್ಲಿ ‘ಕ್ಯಾನನಿಗೆ ಆಗುತ್ತದೆ’ ಎಂದಷ್ಟೇ ಹೇಳಿದರೆ ಒಪ್ಪಬೇಡಿ, ನಿಮ್ಮದೇ ಬಾಡಿಯ ಮೇಲೆ ಹಾಕಿಸಿ ಒಮ್ಮೆ ಮಿಂಚಿಸಿ ನೋಡಿ. ಈ ಬಾಡಿಗಳಿಗೆ ಹೊಂದುವಂತೆ ಫರ್ಮ್‌ವೇರ್ ಬದಲಿಸಿದ ಕ್ಯಾನನ್ ಟ್ರಿಗರುಗಳು ಗೋಡಾಕ್ಸಿನಲ್ಲೇ ಇವೆ, ಎಕ್ಸ್2ಟಿ-ಸಿ ಅಂಥದ್ದು. ಆದರೆ ಅದು ಇನ್ನೊಂದು ಖರ್ಚು.

ಖರ್ಚಿಲ್ಲದ ದಾರಿಯೂ ಇದೆ. ಟಿಟಿ600ನ್ನು ಎಸ್2 ಎಂಬ ಸ್ಲೇವ್ ಸ್ಥಿತಿಗೆ ಹಾಕಿ, ಪಕ್ಕದ ಸ್ಟೂಲಿನ ಮೇಲಿಡಿ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದಾಗ ಅದರ ಬೆಳಕು ಕಂಡು ಇದೂ ಮಿಂಚುತ್ತದೆ. ಎಸ್1 ಆರಿಸಿದರೆ ಕೆಡುತ್ತದೆ: ಕ್ಯಾಮೆರಾ ಬೆಳಕು ಅಳೆಯಲು ಮೊದಲೊಂದು ಚಿಕ್ಕ ಮಿಂಚು ಬಿಡುತ್ತದೆ, ಎಸ್1 ಅದಕ್ಕೇ ಓಗೊಟ್ಟು ಶಟರ್ ತೆರೆಯುವ ಮೊದಲೇ ಮಿಂಚಿ ಮುಗಿಸುತ್ತದೆ. ಚಿತ್ರ ಕಪ್ಪಾಗಿ ಬಂದು, ಕಣ್ಣಿಗೆ ಮಾತ್ರ ಫ್ಲ್ಯಾಶ್ ಕಂಡಿದ್ದರೆ ಕಾರಣ ಇದೇ. ಎಸ್2 ಆ ಮೊದಲ ಮಿಂಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫ್ಲ್ಯಾಶಿನ ಮುಂಭಾಗದ ಕೆಂಪು ಕಿಟಕಿ ಕ್ಯಾಮೆರಾದ ಕಡೆಗೆ ಇರಬೇಕು, ತಲೆಯನ್ನಷ್ಟೇ ಕಾಯಿಯ ಕಡೆಗೆ ತಿರುಗಿಸಿ. ಕೋಣೆಯೊಳಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿಲಲ್ಲಿ ನಂಬುವಂತಿಲ್ಲ. ಪುಟ್ಟ ಫ್ಲ್ಯಾಶಿನ ಬೆಳಕು ಚಿತ್ರವನ್ನು ಚಪ್ಪಟೆ ಮಾಡದಂತೆ ಅದರ ಮುಂದೆ ಬಿಳಿ ಕಾರ್ಡೊಂದನ್ನು ಓರೆಯಾಗಿ ಹಿಡಿದು ಮಾಡಿನ ಕಡೆಗೆ ತಿರುಗಿಸಿ. ಅದು ಮತ್ತೆ ತುಂಬಿಕೊಳ್ಳಲು ಸುಮಾರು 2 ಸೆಕೆಂಡು ಬೇಕು, ಹಾಗಾಗಿ ಒಂದು ಒಡೆತಕ್ಕೆ ಒಂದೇ ಚಿತ್ರ.

ಕತ್ತಲ ಕೋಣೆಯಲ್ಲಿ ಶಟರ್ ವೇಗಕ್ಕೆ ಬೆಲೆಯಿಲ್ಲ, ಮಿಂಚಿನ ಹೊತ್ತೇ ಶಟರ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಜರ್ಟನ್ ಹಾಲಿನ ಹನಿ ಬಿದ್ದು ಕಿರೀಟವಾಗುವುದನ್ನು ಹಿಡಿದದ್ದು ಹೀಗೆ. ಟಿಟಿ600 ಪೂರ್ಣ ಶಕ್ತಿಯಲ್ಲಿ ಸುಮಾರು 1/300 ಸೆಕೆಂಡು ಬೆಳಗುತ್ತದೆ, 1/128 ಶಕ್ತಿಯಲ್ಲಿ ಸುಮಾರು 1/20000. ಅಂದರೆ ಶಕ್ತಿ ಕಡಿಮೆ ಮಾಡಿದಷ್ಟೂ ಚಿತ್ರ ಚೂಪು. ಬೆಳಕು ಸಾಲದೆಂದು ಶಕ್ತಿ ಏರಿಸುವುದು ಸಾಮಾನ್ಯ ತಪ್ಪು. ಅದರ ಬದಲು ಫ್ಲ್ಯಾಶನ್ನು ಹತ್ತಿರ ತನ್ನಿ. 1/32 ಶಕ್ತಿ, ಐಎಸ್‌ಒ 400, ಎಫ್/8, 1/200, ಫ್ಲ್ಯಾಶ್ ಒಂದು ಮೀಟರ್ ದೂರ ಎಂದು ಆರಂಭಿಸಿ. ಮೊದಲು ಫ್ಲ್ಯಾಶಿಲ್ಲದೆ ಒಂದು ಚಿತ್ರ ತೆಗೆದು ನೋಡಿ, ಅದು ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ದರೆ ಕಿಟಕಿ ಮುಚ್ಚಿ. ‘ಸುರಿ’, ‘ಚಿಮ್ಮು’, ‘ತೊಟ್ಟಿಕ್ಕು’ ಈ ಮೂರನ್ನು ಒಂದೇ ಸಂಜೆಯಲ್ಲಿ, ಒಂದೇ ಚೆಂಬು ನೀರಿನಲ್ಲಿ ಮುಗಿಸಬಹುದು.

‘ಎಸೆ’ ಮತ್ತು ‘ಬೀಸು’ಗೆ ಮಿಂಚೂ ಬೇಕು, ಮಸುಕೂ ಬೇಕು. ಶಟರ್ 1/8 ಇಟ್ಟು ಕ್ಯಾಮೆರಾದ ಫ್ಲ್ಯಾಶನ್ನೇ ಬಳಸಿ. ಹಾಗೆಯೇ ಬಿಟ್ಟರೆ ಮಿಂಚು ಶಟರ್ ತೆರೆದ ಕೂಡಲೇ ಬರುತ್ತದೆ. ಚೂಪಾದ ಚೆಂಡಿನ ಮುಂದುಗಡೆ ಮಸುಕಿನ ಬಾಲ ಮೂಡಿ, ಚೆಂಡು ಹಿಂದಕ್ಕೆ ಬರುತ್ತಿದೆಯೋ ಎಂಬಂತೆ ಕಾಣುತ್ತದೆ. ಮೆನುವಿನ ಫ್ಲ್ಯಾಶ್ ಕಂಟ್ರೋಲಿನಲ್ಲಿ ಬಿಲ್ಟ್-ಇನ್ ಫ್ಲ್ಯಾಶ್ ಸೆಟ್ಟಿಂಗ್, ಅದರೊಳಗೆ ಶಟರ್ ಸಿಂಕ್, ಅಲ್ಲಿ ಸೆಕೆಂಡ್ ಕರ್ಟನ್ ಆರಿಸಿ. ಆಗ ಮಿಂಚು ಕೊನೆಯಲ್ಲಿ ಬರುತ್ತದೆ, ಬಾಲ ಹಿಂದೆ ಉಳಿಯುತ್ತದೆ. ಶಟರ್ 1/25 ಅಥವಾ ಅದಕ್ಕಿಂತ ನಿಧಾನವಿರಬೇಕು. 1/30ರಿಂದ ಮೇಲೆ ಕ್ಯಾಮೆರಾ ಹೇಳದೆಯೇ ಹಳೆಯ ಕ್ರಮಕ್ಕೆ ಮರಳುತ್ತದೆ. ಅಳತೆಯ ಮಿಂಚಿಗೂ ಕೊನೆಯ ಮಿಂಚಿಗೂ ನಡುವೆ ಅಂತರ ಬೀಳುವುದರಿಂದ ಎದುರು ನಿಂತವರು ಎರಡನೆಯದಕ್ಕೆ ಕಣ್ಣು ಮುಚ್ಚುವುದುಂಟು. ಮೊದಲ ಮಿಂಚಿಗೇ ಚಿತ್ರ ಮುಗಿಯಿತೆಂದು ಕೈ ಇಳಿಸುವವರೂ ಇದ್ದಾರೆ. ಎರಡು ಮಿಂಚು ಬರುತ್ತದೆ ಎಂದು ಮೊದಲೇ ತಿಳಿಸಿ.

ಫ್ಲ್ಯಾಶಿನ ಕೆಲಸವೇ ಮುಖ್ಯ ಎಂದಾದರೆ ಹೊಸ 1500ಡಿಗಿಂತ ಸುಸ್ಥಿತಿಯಲ್ಲಿರುವ ಹಳೆಯ 1300ಡಿ ಕೊಳ್ಳುವುದೇ ಜಾಣತನ. ಅದರದ್ದು 18 ಮೆಗಾಪಿಕ್ಸೆಲ್, ವೇಗ ಅದೇ ಮೂರು. ಕಾರ್ಡಿನಲ್ಲೂ ಗೋಡೆಯ ಮೇಲಿನ 12 × 18ರಲ್ಲೂ ವ್ಯತ್ಯಾಸ ಕಾಣದು.

ಕೈ ಒಳಗೋ ಹೊರಗೋ

ಕ್ಯಾಮೆರಾ ಎಷ್ಟೇ ಚೆನ್ನಾಗಿರಲಿ, ಪದದ ವ್ಯಾಕರಣ ತಿಳಿಯದೆ ಚೌಕಟ್ಟು ಕಟ್ಟಲಾಗದು. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1967–68ರಲ್ಲಿ ಎರಡು ಹಾಳೆಯ ತುಂಬ ಕ್ರಿಯಾಪದಗಳ ಪಟ್ಟಿ ಬರೆದು, ಆ ಪಟ್ಟಿಯಿಂದಲೇ ತನ್ನ ಕೆಲಸ ಕಟ್ಟಿದ. ಇಲ್ಲೂ ಪಟ್ಟಿಯೇ ಮೊದಲು, ಕ್ಯಾಮೆರಾ ಆಮೇಲೆ. ಕನ್ನಡದಲ್ಲಿ ‘ಉರುಳು’ ಬೇರೆ, ‘ಉರುಳಿಸು’ ಬೇರೆ. ಮೊದಲನೆಯದರಲ್ಲಿ ಡ್ರಮ್ಮು ಮಾತ್ರ, ಎರಡನೆಯದರಲ್ಲಿ ತಳ್ಳುವ ಕೈ ಚೌಕಟ್ಟಿನೊಳಗೆ ಬರಬೇಕು. ‘ಕುಣಿ–ಕುಣಿಸು’, ‘ಹಾರು–ಹಾರಿಸು’ ಇವೂ ಅಂಥ ಜೋಡಿಗಳು. ಬೇಕಲ ಕೋಟೆಯ ಗಾಳಿಯಲ್ಲಿ ಗಾಳಿಪಟವೊಂದೇ ಇದ್ದರೆ ‘ಹಾರು’, ಕೆಳಗೆ ನೂಲು ಹಿಡಿದ ಮುಷ್ಟಿಯೂ ಇದ್ದರೆ ‘ಹಾರಿಸು’. ‘ಸುರಿ’ ಎಂಬುದು ಎರಡೂ ಕಡೆ ಸಲ್ಲುತ್ತದೆ. ಮಳೆ ಸುರಿಯುತ್ತದೆ, ಚೆಂಬಿನಿಂದ ನೀರನ್ನೂ ಸುರಿಯುತ್ತೇವೆ. ಆ ಪದಕ್ಕೆ ಎರಡು ಚಿತ್ರ ಕೊಡುವುದೇ ಸರಿ.

ಕಾಲವೂ ಹಾಗೆಯೇ. ಕೈ ಹಿಂದಕ್ಕೆ ಹೋಗಿ ಕಲ್ಲು ಮುಷ್ಟಿಯಲ್ಲಿದ್ದರೆ ನೋಡುವವರು ‘ಎಸೆಯುತ್ತಾನೆ’ ಎಂದು ಮುಂದಿನದನ್ನು ಹೇಳುತ್ತಾರೆ. ಬೆರಳ ತುದಿಯಿಂದ ಕಲ್ಲು ಆಗಷ್ಟೇ ಬಿಡುತ್ತಿದ್ದರೆ ‘ಎಸೆಯುತ್ತಿದ್ದಾನೆ’. ಕೈ ಖಾಲಿ, ಕಲ್ಲು ಗಾಳಿಯಲ್ಲಿ, ಎಂದಾದರೆ ‘ಎಸೆದ’. ಒಂದೇ ಕೆಲಸ, ಕಾಲು ಸೆಕೆಂಡಿನ ಒಳಗೆ ಮೂರು ಕಾಲ. ಈ ಮೂರನ್ನು ಒಂದೇ ಸರಪಳಿಯಲ್ಲಿ ಹಿಡಿಯಲು 1500ಡಿಗೆ ಸಾಧ್ಯವಿಲ್ಲ; ಮೂರು ಸಲ ಎಸೆಸಿ, ಮೂರು ಬೇರೆ ಗಳಿಗೆಗೆ ಒತ್ತಿ, ಟ್ರೈಪಾಡ್ ಅಲುಗಿಸದೆ ತೆಗೆಯಬೇಕು.

ಊರಿನ ಮಾತನ್ನೂ ಪಟ್ಟಿಯಲ್ಲಿ ಸೇರಿಸಿ. ಪುಸ್ತಕದಲ್ಲಿ ಔಷಧ ಸಿಂಪಡಿಸುತ್ತಾರೆ, ನಮ್ಮ ಅಡಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಮದ್ದು ‘ಬಿಡುತ್ತಾರೆ’. ಬೋರ್ಡೋ ದ್ರಾವಣದ ಮಂಜು ಎದುರು ಬೆಳಕಿನಲ್ಲಿ ಅದ್ಭುತವಾಗಿ ಕಾಣುತ್ತದೆ, ಆದರೆ ಗಾಳಿ ಬೀಸುವ ದಿಕ್ಕಿನಲ್ಲಿ ನಿಂತರೆ ಮೈಲುತುತ್ತು ಸುಣ್ಣದ ಹನಿ ಲೆನ್ಸಿನ ಮೇಲೆ ಕೂತು ಒಣಗುತ್ತದೆ. ಗಾಳಿ ಬರುವ ಕಡೆ, ಕನಿಷ್ಠ 10 ಮೀಟರ್ ದೂರದಿಂದ, 55 ಮಿ.ಮೀ.ನಲ್ಲಿ ತೆಗೆಯಿರಿ. ಒಣ ಬಟ್ಟೆಯಿಂದ ಉಜ್ಜಲೇಬೇಡಿ.

ಉಳಿದ ಕೊರತೆಗಳು

ಹಿಂಬದಿಯ ಪರದೆ ಮಡಚುವುದಿಲ್ಲ, ತಿರುಗುವುದಿಲ್ಲ. ‘ತುಳಿ’, ‘ಮೆಟ್ಟು’, ‘ನಡೆ’ ಇವುಗಳಿಗೆ ಕ್ಯಾಮೆರಾ ನೆಲದ ಮಟ್ಟದಲ್ಲಿರಬೇಕು, ಅಂದರೆ ಕೆಸರಲ್ಲಿ ಮಲಗಬೇಕು. ವೈಫೈ ಇರುವುದು ಇಲ್ಲಿ ಉಪಕಾರ: ಕ್ಯಾಮೆರಾ ಕನೆಕ್ಟ್ ಆ್ಯಪ್ ಹಾಕಿದರೆ ಫೋನಿನಲ್ಲೇ ನೋಡಿ ಅಲ್ಲಿಂದಲೇ ಒತ್ತಬಹುದು. ಪರದೆಯಲ್ಲಿ ನೋಡಿ ತೆಗೆಯುವಾಗ ಫೋಕಸ್ ಬಹಳ ನಿಧಾನ, ಆದ್ದರಿಂದ ಮೊದಲೇ ಎಂಎಫ್‌ನಲ್ಲಿ ನಿಲ್ಲಿಸಿಕೊಳ್ಳಿ. ಬ್ಯಾಟರಿ ಬೇಗ ಇಳಿಯುತ್ತದೆ, ಎಲ್‌ಪಿ-ಇ10 ಇನ್ನೊಂದು ಜೇಬಿನಲ್ಲಿರಲಿ.

ಫೋನಿನಲ್ಲೇ ಎಲ್ಲ ಮಾಡಬಾರದೇ ಎಂದರೆ, ‘ಜಿಗಿ’, ‘ಏರು’, ‘ಅಪ್ಪಿಕೊ’ ಇವಕ್ಕೆ ಫೋನ್ ಸಾಕು. ಆದರೆ ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ, ಬಿಸಿಲಲ್ಲಿ ತಾನಾಗಿ ಸಾವಿರದ ಆಚೆಯ ವೇಗಕ್ಕೆ ಓಡುತ್ತದೆ. ಅಂಗಳದ ‘ಕಡೆ’, ‘ಕೇರು’, ‘ಬೀಸು’ ಎಲ್ಲ ಅಲ್ಲಿ ನಿಂತುಹೋಗುತ್ತವೆ.

ಮಳೆಗೆ ಈ ಬಾಡಿಯಲ್ಲಿ ಯಾವ ರಕ್ಷಣೆಯೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವದಲ್ಲಿ ಚರ್ಮದ ಚೀಲದೊಳಗೆ ಇಟ್ಟ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ಒಳಗೊಂದು ಚಿಕ್ಕ ತೇವಮಾಪಕ ಇಟ್ಟು 40–50 ಪ್ರತಿಶತದಲ್ಲಿ ನಿಲ್ಲಿಸಿ. ಜೆಲ್ಲಿನ ಬಣ್ಣ ತಿರುಗಿದ ಮೇಲೆ ಒಲೆಯ ಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ತರಬೇಡಿ.

ಪ್ರಿಂಟಿಗೆ ಕೊಡುವಾಗ

ಈ ಕ್ಯಾಮೆರಾದ ಚಿತ್ರ 3:2ರ ಅನುಪಾತದ್ದು. 4 × 6, 8 × 12, 12 × 18 ಅಳತೆಗೆ ಏನೂ ಕತ್ತರಿಸಿಹೋಗುವುದಿಲ್ಲ. 5 × 7ಕ್ಕೆ ಉದ್ದದಲ್ಲಿ ಸುಮಾರು ಹದಿನೈದನೇ ಒಂದು ಪಾಲು ಹೋಗುತ್ತದೆ, 8 × 10ಕ್ಕೆ ಆರನೇ ಒಂದು ಪಾಲು. ಬೇರೆ ಚಿತ್ರಗಳಿಗೆ ಇದು ಚಿಂತೆಯಲ್ಲ; ಕ್ರಿಯಾಪದದ ಚಿತ್ರದಲ್ಲಿ ಎಸೆದ ಕಲ್ಲು, ಹಾರಿದ ಹಕ್ಕಿ, ಓಟಕ್ಕೆ ಮುಂದೆ ಬಿಟ್ಟ ಖಾಲಿ ಜಾಗ ಎಲ್ಲ ಅಂಚಿನಲ್ಲೇ ಇರುತ್ತವೆ, ಕತ್ತರಿಯೂ ಅಲ್ಲಿಗೇ ಬೀಳುತ್ತದೆ. ಲ್ಯಾಬಿನವರಿಗೆ ‘ಆಟೊ ಕರೆಕ್ಷನ್ ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ಇಲ್ಲವಾದರೆ ಯಂತ್ರ ಕಪ್ಪು ಹಿನ್ನೆಲೆಯನ್ನು ಬೂದು ಮಾಡಿ, ಮಸುಕಿಗೆ ಚೂಪು ಕೊಡಲು ಹೋಗಿ ಅಂಚಿಗೆಲ್ಲ ಬಿಳಿ ಗೆರೆ ಎಳೆಯುತ್ತದೆ. ಮೊದಲು ಒಂದೇ ಚಿತ್ರ ಪ್ರಿಂಟ್ ಮಾಡಿಸಿ ನೋಡಿ, ಆಮೇಲೆ ಉಳಿದ ಇಪ್ಪತ್ತಮೂರು.

ಮಕ್ಕಳ ಕೈಗೆ ಹೋಗುವುದಾದರೆ ಮ್ಯಾಟ್ ಕಾಗದವೇ ಬೇಕು. ಹೊಳಪಿನ ಕಾಗದದ ಮೇಲೆ ಬೆರಳಚ್ಚು ಕೂರುತ್ತದೆ, ಕಿಟಕಿಯ ಬೆಳಕು ಹೊಳೆದು ಚಿತ್ರವೇ ಕಾಣುವುದಿಲ್ಲ. ಮುಂಭಾಗದಲ್ಲಿ ಪದ ಬರೆಯಬೇಡಿ, ಬರೆದರೆ ಮಗು ಚಿತ್ರ ನೋಡದೆ ಅಕ್ಷರ ಓದುತ್ತದೆ. ಹಿಂದೆ ಸಿಡಿ ಮಾರ್ಕರಿನಿಂದ ಧಾತುವನ್ನಷ್ಟೇ ಬರೆಯಿರಿ: ‘ಕೇರು’, ‘ಹೆರೆ’, ‘ಕಡೆ’. ಪಕ್ಕದಲ್ಲಿ ತುಳು, ಮಲಯಾಳ ಪದಗಳಿಗೆ ಎರಡು ಗೆರೆ ಖಾಲಿ ಬಿಡಿ, ಮಕ್ಕಳೇ ತುಂಬಲಿ. ಶಾಯಿ ಪೂರ್ತಿ ಒಣಗದೆ ಕಾರ್ಡು ಒಂದರ ಮೇಲೊಂದು ಪೇರಿಸಿದರೆ ಮೇಲಿನದರ ಅಕ್ಷರ ಕೆಳಗಿನದರ ಚಿತ್ರಕ್ಕೆ ಅಂಟುತ್ತದೆ, ಒಂದು ರಾತ್ರಿ ಹರಡಿಡಿ.